ಮೈಗಾವಲಿನವನ ಪಾಠ

ಸಂಬಳ ಕೊಟ್ಟು ಕೊಳ್ಳಬಹುದಾದವುಗಳಲ್ಲಿ ಇನ್ನೊಬ್ಬನ ಪ್ರಾಣವೂ ಸೇರುತ್ತದೆಯೆ? ಚಾಮರಾಜನಗರದ ಸೀಮೆಯವರಿಗೆ ಇದು ಬರಿಯ ತರ್ಕದ ಪ್ರಶ್ನೆಯಲ್ಲ. 2000ದ ಜುಲೈ 30ರ ರಾತ್ರಿ ಗಡಿಯಾಚೆಯ ದೊಡ್ಡಗಾಜನೂರಿನ ಮನೆಯಿಂದಲೇ ವೀರಪ್ಪನ್ ರಾಜ್‌ಕುಮಾರರನ್ನು ಕಾಡಿಗೊಯ್ದ. ಅವರು ಬಿಡುಗಡೆಯಾದದ್ದು 108 ದಿನಗಳ ಮೇಲೆ. 2002ರ ಆಗಸ್ಟಿನಲ್ಲಿ ಕಾಮಗೆರೆಯಿಂದ ಒಯ್ದ ಮಾಜಿ ಸಚಿವ ಎಚ್. ನಾಗಪ್ಪನವರಂತೂ ಜೀವಂತವಾಗಿ ಮರಳಲಿಲ್ಲ. ಇಂತಹ ನೆನಪುಳ್ಳ ನಾಡಿನಲ್ಲಿ ಹೆಸರೋ ಹಣವೋ ಉಳ್ಳವರು ಮೈಗಾವಲನ್ನು ಬಯಸಿದರೆ ತಪ್ಪೆನ್ನಲಾಗದು.

ಆದರೆ ಕಾಯಲು ನಿಂತವನಿಂದ ನಾವು ಕೇಳುವುದೇನು? ಹಳೇಬೀಡಿನ ಗರುಡಗಂಬವನ್ನು ಕಂಡವರು ಬಲ್ಲರು: ಇಮ್ಮಡಿ ವೀರಬಲ್ಲಾಳನ ಗರುಡನಾದ ಕುವರಲಕ್ಷ್ಮ ಒಡೆಯನ ಸಾವಿನೊಡನೆ ತಾನೂ ಮಡಿದ, ಹೆಂಡತಿಯೂ ಸಂಗಡಿಗರೂ ಅವನ ದಾರಿ ಹಿಡಿದರು. ಕೇಳಿದರೆ ಮೈ ನವಿರೇಳುತ್ತದೆ, ನಿಜ. ಆದರೆ ತಿಂಗಳ ಸಂಬಳಕ್ಕೆ ಬಂದ ಹಳ್ಳಿಯ ಹುಡುಗನಿಂದ ಅದೇ ಗರುಡನಿಷ್ಠೆಯನ್ನು ಬಯಸುವುದು ನನಗೆ ಸರಿಗಾಣದು. ಅವನು ಮಾರಿರುವುದು ಎಚ್ಚರವನ್ನು, ಜೀವವನ್ನಲ್ಲ. ವಿದ್ಯೆ ಕಲಿಸದೆ ಅವನಿಗೆ ಸಮವಸ್ತ್ರ ತೊಡಿಸಿ ಪಕ್ಕದಲ್ಲಿ ನಿಲ್ಲಿಸಿಕೊಂಡರೆ, ಅದು ಕಾವಲಲ್ಲ. ಒಬ್ಬ ಬಡವನ ಮೈಯನ್ನು ಗುರಾಣಿ ಮಾಡಿಕೊಂಡಂತೆ.

ಖಾಸಗಿ ಭದ್ರತಾ ಸಂಸ್ಥೆಗಳಿಗಾಗಿ 2005ರಲ್ಲಿ ಕಾಯಿದೆ ಬಂತು. ಮರುವರ್ಷದ ಕೇಂದ್ರ ಮಾದರಿ ನಿಯಮಗಳು ತರಗತಿಯಲ್ಲಿ 100 ಗಂಟೆ, ಬಯಲಿನಲ್ಲಿ 60 ಗಂಟೆ ತರಬೇತಿಯೆಂದು ಗೊತ್ತುಮಾಡಿದವು. ಕನಿಷ್ಠ 20 ದಿನಗಳ ಕೆಲಸ. ಬೆಂಕಿ ನಂದಿಸುವುದು, ಪ್ರಥಮ ಚಿಕಿತ್ಸೆ, ಜನಸಂದಣಿಯ ಹತೋಟಿ, ಆತ್ಮರಕ್ಷಣೆಯ ಹಕ್ಕು ಎಲ್ಲವೂ ಪಾಠದಲ್ಲಿದ್ದವು. ಅಪಾಯ ತಪ್ಪಿಸಿ ವಾಹನ ನಡೆಸುವ ವಿದ್ಯೆ ಮಾತ್ರ ಕವಚವಾಹನದ ಚಾಲಕನಿಗೆ ಕಡ್ಡಾಯ, ಉಳಿದವರಿಗೆ ಐಚ್ಛಿಕ! ಬ್ಯಾಂಕಿನ ಬಾಗಿಲು ಕಾಯುವವನಿಗೂ ಜೀವಬೆದರಿಕೆಯುಳ್ಳವನ ಜೊತೆಗಾರನಿಗೂ ಹೆಚ್ಚುಕಡಮೆ ಒಂದೇ ಅಳತೆಗೋಲು.

ಗುಂಡ್ಲುಪೇಟೆಯನ್ನೇ ನೋಡಿ. ಅಲ್ಲಿಂದ ಒಂದು ದಾರಿ ಊಟಿಗೆ, ಇನ್ನೊಂದು ವಯನಾಡಿಗೆ. ಎರಡೂ ಬಂಡೀಪುರದ ಕಾಡನ್ನು ಹೊಗುತ್ತವೆ. 2009ರಲ್ಲಿ ರಾತ್ರಿಸಂಚಾರಕ್ಕೆ ತಡೆಯಾದಂದಿನಿಂದ ಒಂಬತ್ತಕ್ಕೆ ಗೇಟು ಬೀಳುತ್ತದೆ. ಯಜಮಾನ ಎಂಟೂಮುಕ್ಕಾಲಿಗೆ "ನಡಿ" ಎಂದರೆ, ಬಲ್ಲ ಕಾವಲಿನವನು "ಬ್ಯಾಡಿ ಬುದ್ಧಿ, ಇವತ್ತು ಇಲ್ಲೇ ಉಳ್ಕಳಣ" ಎನ್ನಬೇಕು. ಗೇಟಿನ ಮುಂದೆ ಕತ್ತಲಲ್ಲಿ ನಿಂತ ಕಾರು ಎಂತಹ ಗುರಿಯೆಂದು ಅವನಿಗೆ ತಿಳಿದಿರಬೇಕು. ಪಿಸ್ತೂಲು ತೆಗೆಯುವ ಗಳಿಗೆ ಬಾರದಂತೆ ನೋಡಿಕೊಳ್ಳುವುದರಲ್ಲಿಯೇ ಈ ವಿದ್ಯೆಯ ಮುಕ್ಕಾಲು ಪಾಲಿದೆ. ಆದರೆ ಅನ್ನ ಕೊಡುವವನಿಗೆ ಎದುರಾಡುವುದನ್ನು ಯಾವ 160 ಗಂಟೆ ಕಲಿಸೀತು?

ತರಬೇತಿಯ ಖರ್ಚು ಕೊನೆಗೆ ಯಜಮಾನರ ಕಿಸೆಯದೇ ಅಲ್ಲವೆ? ಹುಡುಗನೊಡನೆ ಅವರೂ ಎರಡು ದಿನ ಅದೇ ಬೆಂಚಿನ ಮೇಲೆ ಕುಳಿತರೆ ಗೇಟಿನ ಬಳಿಯ ವಾದವಾದರೂ ತಗ್ಗೀತು.