ನೆವವಿಲ್ಲದ ಸಂತೋಷ

ಮಾನವನು ತನ್ನ ದುಃಖಗಳಿಗೆ ಕಾರಣವನ್ನು ಹುಡುಕುವುದು ಸಹಜ. ವಿಚಿತ್ರವೆಂದರೆ, ಅವನು ತನ್ನ ಸಂತೋಷಗಳಿಗೂ ಕಾರಣವನ್ನು ಹುಡುಕುತ್ತಾನೆ. ಸಿಕ್ಕದಿದ್ದರೆ ಒಂದನ್ನು ಕಲ್ಪಿಸಿಕೊಳ್ಳುತ್ತಾನೆ. ಬೆಳಗಿನ ತಂಗಾಳಿಯಲ್ಲಿ ಅಡ್ಡಾಡಿ ಬಂದವನು ವೈದ್ಯರ ಸಲಹೆಯನ್ನು ಮುಂದಿಡುತ್ತಾನೆ. ಊರು ನೋಡುವ ಆಸೆಯಿಂದ ಹೊರಟವನು ನೆಂಟರ ಕ್ಷೇಮ ವಿಚಾರಿಸಲು ಹೊರಟೆನೆನ್ನುತ್ತಾನೆ. ಪ್ರಯೋಜನವಿಲ್ಲದ ಸಂತೋಷವನ್ನು ಒಪ್ಪಿಕೊಳ್ಳಲು ನಮಗೆ ಸಂಕೋಚ. ಈ ಸಂಕೋಚವು ವಿವೇಕದಿಂದ ಹುಟ್ಟಿದುದೋ, ಕೇವಲ ಲೋಕಭೀತಿಯಿಂದಲೋ? ಯಾವ ಪ್ರಯೋಜನವನ್ನೂ ಎದುರಿಗಿಟ್ಟುಕೊಳ್ಳದೆ ಅನುಭವಿಸುವ ಸಂತೋಷವು ದೋಷವೇ? ಪ್ರಶ್ನೆ ದೊಡ್ಡದು. ನಾನು ಅದನ್ನು ತೀರ ಚಿಕ್ಕ ಉದಾಹರಣೆಯೊಂದರ ಮೂಲಕ ವಿಚಾರ ಮಾಡಬಯಸುತ್ತೇನೆ. ಅದು ವಸಂತಕಾಲದಲ್ಲಿ ಸೈಕಲ್ಲಿನ ಮೇಲೆ ನಿಧಾನವಾಗಿ ಸುತ್ತಾಡಿ ಬರುವ ಸುಖ.

ಚನ್ನರಾಯಪಟ್ಟಣದಿಂದ ಶ್ರವಣಬೆಳಗೊಳಕ್ಕೆ ಸುಮಾರು 13 ಕಿಲೋಮೀಟರ್. ಅವಸರವಿಲ್ಲದೆ ಪೆಡಲು ತುಳಿದರೆ ಒಂದು ಗಂಟೆ ಮೀರಿ ಹಿಡಿಯುವ ದಾರಿ. ಪಂಚಾಂಗದ ಪ್ರಕಾರ ವಸಂತಋತುವು ಚೈತ್ರದಲ್ಲಿ ಆರಂಭವಾಗುವುದಾದರೂ, ಈ ಸೀಮೆಯ ಗಿಡಮರಗಳು ಪಂಚಾಂಗವನ್ನು ಕಾಯುವುದಿಲ್ಲ. ಮಾಘ ಕಳೆದು ಫಾಲ್ಗುಣ ಬರುವ ಹೊತ್ತಿಗೇ ಮಾವು ಹೂವಿನಿಂದ ತುಂಬಿರುತ್ತದೆ. ಅರಳಿಯು ತಾಮ್ರವರ್ಣದ ಎಳೆಯೆಲೆಗಳನ್ನು ಬಿಟ್ಟಿರುತ್ತದೆ. ಮೊನ್ನೆಯವರೆಗೆ ಬೋಳಾಗಿದ್ದ ಹೊಂಗೆಯು ಒಂದು ವಾರದೊಳಗೆ ಕಣ್ಣು ಕೋರೈಸುವ ಎಳೆಹಸಿರನ್ನು ಹೊದ್ದು ನಿಲ್ಲುತ್ತದೆ. ಹುಣಸೆಯ ಮರದಡಿಯಲ್ಲಿ ಕಾಯಿ ಬಡಿಯುವವರ ಗಳುವಿನ ಸದ್ದು. ತೋಟದೊಳಗಿನಿಂದ ಕೋಗಿಲೆಯ ದನಿ. ನಡೆದು ಹೋಗುವವನಿಗೆ ಇವೆಲ್ಲ ಒಂದೊಂದಾಗಿ ದೊರೆಯುತ್ತವೆ, ಮೋಟಾರಿನಲ್ಲಿ ಹೋಗುವವನಿಗೆ ಯಾವುದೂ ದೊರೆಯುವುದಿಲ್ಲ. ಸೈಕಲ್ಲಿನವನಿಗಾದರೋ ಒಂದು ಪರಿಮಳವು ಮುಗಿಯುವ ಮೊದಲೇ ಇನ್ನೊಂದು ಬಂದು ಕೂಡಿಕೊಳ್ಳುತ್ತದೆ. ಇಳಿಜಾರಿನಲ್ಲಿ ಕಾಲುಗಳಿಗೆ ವಿಶ್ರಾಂತಿ ಕೊಟ್ಟು, ಹಿಂದಿನ ಗಾಲಿಯ ಕಿರಿಕಿರಿ ನಾದವನ್ನು ಕೇಳುತ್ತ, ಮುಖಕ್ಕೆ ತಗಲುವ ತಂಪನ್ನು ಸವಿಯುವ ಆ ನಿಮಿಷಕ್ಕೆ ಹಣ ಬೇಕಿಲ್ಲ, ಪಾಂಡಿತ್ಯ ಬೇಕಿಲ್ಲ, ಇನ್ನೊಬ್ಬರ ಅಪ್ಪಣೆಯೂ ಬೇಕಿಲ್ಲ.

ಆದರೆ ಶಾಸ್ತ್ರವನ್ನು ಬಲ್ಲ ವಾಚಕರು ಇಲ್ಲಿಯೇ ಆಕ್ಷೇಪವೆತ್ತುವರು, ಎತ್ತಬೇಕಾದುದೂ ನ್ಯಾಯವೇ. ಶ್ರಾವಕನ ಗುಣವ್ರತಗಳಲ್ಲಿ ಅನರ್ಥದಂಡವಿರತಿಯೂ ಒಂದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಬಗೆಗಳನ್ನು ಹೇಳುವಾಗ ಪ್ರಮಾದಚರ್ಯೆಯನ್ನು ಎಣಿಸಿದ್ದಾರೆ. ನಿಷ್ಕಾರಣವಾಗಿ ನೆಲವನ್ನು ಕೆದಕುವುದು, ನೀರನ್ನು ಕಲಕುವುದು, ಗಿಡಬಳ್ಳಿಗಳನ್ನು ಕತ್ತರಿಸುವುದು ಇವುಗಳ ಜೊತೆಗೆ, ಸುಮ್ಮನೆ ತಿರುಗಾಡುವುದನ್ನೂ ತಿರುಗಾಡಿಸುವುದನ್ನೂ ಅಲ್ಲಿ ಸೇರಿಸಿದ್ದಾರೆ. ಹಾಗಾದರೆ ನನ್ನ ವಸಂತಸಂಚಾರದ ಗತಿ ಏನು? ಈ ಪ್ರಶ್ನೆಯನ್ನು ಗ್ರಂಥದಲ್ಲಿ ಓದುವ ಮೊದಲೇ ನಾನು ನನ್ನ ತಂದೆಯವರ ಎದುರಿನಲ್ಲಿ ನಿಂತು ಎದುರಿಸಬೇಕಾಯಿತು.

ನನ್ನ ತಂದೆಯವರು ದಿನಸಿ ವ್ಯಾಪಾರಿಗಳು, ಅಣುವ್ರತಗಳನ್ನು ಸದ್ದಿಲ್ಲದೆ ಪಾಲಿಸುತ್ತಿದ್ದವರು. ಅಂಗಡಿಗೊಂದು ಕಪ್ಪು ಸೈಕಲ್ಲಿತ್ತು, ಹಿಂದೆ ಮೂಟೆ ಹೇರುವಷ್ಟು ಗಟ್ಟಿಯಾದ ಕ್ಯಾರಿಯರ್. ಸೀಟು ಎಟುಕದ ವಯಸ್ಸಿನಲ್ಲಿ ಒಳಪೆಡಲು ತುಳಿದು ನಾನು ಕಲಿತದ್ದೂ ಅದರ ಮೇಲೆಯೇ. "ಕೆಲಸವಿದ್ದರೆ ತೆಗೆದುಕೊಂಡು ಹೋಗು, ಸುಮ್ಮನೆ ಗಾಲಿ ತಿರುಗಿಸಬೇಡ" ಎಂಬುದು ಅವರ ಒಂದೇ ನಿಯಮವಾಗಿತ್ತು. 1971ರ ಮಾರ್ಚ್ ತಿಂಗಳು. ನನಗಾಗ ಹದಿನೆಂಟು ವರ್ಷ. ಒಂದು ಸಂಜೆ, ಬೆಳಗೊಳದ ದಾರಿಯ ಹಳ್ಳಿಯೊಂದರ ಗಿರಾಕಿಯಿಂದ ಬಾಕಿ ವಸೂಲು ಮಾಡಿಕೊಂಡು ಬರುತ್ತೇನೆಂದು ಹೇಳಿ ಹೊರಟೆ. ಆ ಹಳ್ಳಿಯ ಕಡೆಗೆ ತಿರುಗಲೇ ಇಲ್ಲ. ನೇರವಾಗಿ ಮುಂದೆ ಹೋಗಿ, ಬೆಟ್ಟದ ಮೇಲೆ ಗೊಮ್ಮಟಸ್ವಾಮಿಯ ಶಿರಸ್ಸು ಕಾಣುವೆಡೆಯಲ್ಲಿ ಹೊಂಗೆಯ ಮರದ ಕೆಳಗೆ ಕುಳಿತೆ. ಆ ಎಳೆಹಸಿರಿನ ನೆರಳಿನಲ್ಲಿ ಹೊತ್ತು ಹೋದದ್ದೇ ತಿಳಿಯಲಿಲ್ಲ.

ನಮ್ಮದು ರಾತ್ರಿಭೋಜನವನ್ನು ತ್ಯಜಿಸಿದ ಮನೆ. ಸೂರ್ಯಾಸ್ತದೊಳಗೆ ಊಟಕ್ಕೆ ಕೂಡದಿದ್ದರೆ ಎಲ್ಲಿದ್ದೆ, ಏಕೆ ತಡವಾಯಿತು ಎಂಬ ವಿಚಾರಣೆಯಾಗುವುದು ಖಂಡಿತ. ಹೊತ್ತು ಇಳಿಯುತ್ತಿರುವುದನ್ನು ಕಂಡು ಗಾಬರಿಯಿಂದ ಹತ್ತಿ, ಇಳಿಜಾರಿನಲ್ಲಿಯೂ ಬಿಡದೆ ಪೆಡಲು ತುಳಿದೆ. ಬಿಸಿಯಾರದ ದಾರಿಯ ಮೇಲೆ ಓತಿಕ್ಯಾತವೊಂದು ಮಲಗಿತ್ತು. ಅದು ತಲೆಯೆತ್ತಿದ್ದನ್ನು ಕಂಡೆ. ಬ್ರೇಕು ಹಿಡಿಯುವಷ್ಟು ಅವಕಾಶವಿರಲಿಲ್ಲ. ಗಾಲಿಯ ಕೆಳಗೆ ಒಂದು ಸಣ್ಣ ಕುಲುಕಾಟವಾಯಿತು, ಅಷ್ಟೇ. ಇಳಿದು ನೋಡಲು ಕೂಡ ನಿಲ್ಲಲಿಲ್ಲ. ಇಂದಿಗೂ ನನ್ನನ್ನು ಕಾಡುವುದು ಆ ನಿಲ್ಲದಿರುವಿಕೆಯೇ. ಮನೆಯಲ್ಲಿ ತಂದೆಯವರು "ಬಾಕಿ ಬಂತೇ?" ಎಂದರು. "ಅವರು ಮನೆಯಲ್ಲಿರಲಿಲ್ಲ" ಎಂದೆ.

ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯುತ್ತ ಅವರು ಹೇಳಿದರು: "ಆ ಗಿರಾಕಿ ನಿನ್ನೆ ಮಧ್ಯಾಹ್ನವೇ ಬಂದು ಹಣ ಕೊಟ್ಟು ಹೋದರು. ನೀನು ಹೊರಡುವಾಗ ನನಗೆ ನೆನಪಾಗಲಿಲ್ಲ. ಆಮೇಲೆ ನೆನಪಾಯಿತು." ಅವರ ದನಿಯಲ್ಲಿ ಕೋಪವಿರಲಿಲ್ಲ, ಇದ್ದಿದ್ದರೆ ಸಹಿಸುವುದು ಸುಲಭವಾಗುತ್ತಿತ್ತು. ನಾನು ಎಲ್ಲವನ್ನೂ ಒಪ್ಪಿಕೊಂಡೆ. ಓತಿಕ್ಯಾತದ ವಿಷಯವನ್ನೂ ಮುಚ್ಚಿಡಲಿಲ್ಲ. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ, "ಸುತ್ತಾಡಬೇಕೆನಿಸಿದರೆ ಸುತ್ತಾಡಬೇಕೆಂದೇ ಹೇಳು ಮಗು. ಎಲ್ಲಿಯವರೆಗೆ ಎಂಬುದನ್ನೂ ಹೇಳಿ ಹೋಗು. ಹೇಳಿದ ಗೆರೆಯನ್ನು ದಾಟಬೇಡ" ಎಂದರು. ಸುತ್ತಾಡುವುದು ಸರಿಯೆಂದು ಅವರು ಅಂದೂ ಹೇಳಲಿಲ್ಲ, ಮುಂದೆಯೂ ಹೇಳಲಿಲ್ಲ. ಎರಡು ದೋಷಗಳಲ್ಲಿ ಯಾವುದು ದೊಡ್ಡದೆಂಬುದನ್ನು ಮಾತ್ರ ತೂಗಿ ತೋರಿಸಿದರು.

ಈ ಘಟನೆಯನ್ನು ನಾನು ಐವತ್ತು ವರ್ಷಗಳಿಗೂ ಮಿಕ್ಕಿ ಆಲೋಚಿಸಿದ್ದೇನೆ. ಆ ಜೀವವನ್ನು ಕೊಂದದ್ದು ಹೊಂಗೆಯ ನೆರಳಿನ ಸುಖವೇ? ಅಲ್ಲವೆಂದು ಪೂರ್ತಿಯಾಗಿ ಹೇಳಲಾರೆ, ಹೊರಡದೆ ಇದ್ದಿದ್ದರೆ ಅದು ಬದುಕಿರುತ್ತಿತ್ತು. ಆದರೆ ಸುಖವನ್ನು ಸುಖವೆಂದು ಹೇಳಿ ಹೊರಟಿದ್ದರೆ ಹೊತ್ತಿನೊಳಗೆ ಮರಳುವ ಮಾತನ್ನೂ ಕೊಟ್ಟಿರುತ್ತಿದ್ದೆ. ನೆವ ಹೂಡಿದುದರಿಂದ ಗುಟ್ಟು ಬೇಕಾಯಿತು. ಗುಟ್ಟು ಕಾಯಲು ಅವಸರ ಬೇಕಾಯಿತು. ಅವಸರದಲ್ಲಿ ಕಣ್ಣು ದಾರಿಯನ್ನು ಬಿಟ್ಟು ಸೂರ್ಯನ ಮೇಲೆ ನೆಟ್ಟಿತು. ತತ್ತ್ವಾರ್ಥಸೂತ್ರಕಾರರು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಯೊಂದನ್ನೇ ಹೇಳಿ ಬಿಡದೆ, ಅದಕ್ಕೆ ಪ್ರಮಾದದ ಸಂಬಂಧವನ್ನು ಜೋಡಿಸಿದುದರ ಅರ್ಥ ನನಗೆ ಆ ಇಳಿಜಾರಿನಲ್ಲಿ ತಿಳಿಯಿತು. ಸಮಂತಭದ್ರಾಚಾರ್ಯರು ನಿಷ್ಕಾರಣ ಸಂಚಾರಕ್ಕೆ ಇಟ್ಟ ಹೆಸರಿನಲ್ಲಿಯೂ ಪ್ರಮಾದವೆಂಬ ಶಬ್ದವೇ ಮೊದಲು ಬಂದಿದೆ.

ಹಾಗೆಂದು ಎಚ್ಚರವೊಂದಿದ್ದರೆ ಸೈಕಲ್ ಸವಾರಿಯು ನಿರ್ದೋಷವೆಂದು ಸಾಧಿಸಲು ನಾನು ಹೊರಟಿಲ್ಲ. ಈರ್ಯಾಸಮಿತಿಯನ್ನು ಪಾಲಿಸುವ ಮುನಿಗಳು ನಾಲ್ಕು ಮೊಳದ ನೆಲವನ್ನು ನೋಡುತ್ತ ಹೆಜ್ಜೆಯಿಡುತ್ತಾರೆ. ಎಂದರೆ ಸುಮಾರು ಆರು ಅಡಿ. ಗಂಟೆಗೆ 4 ಕಿಲೋಮೀಟರ್ ನಡೆಯುವವರು ಈ ಆರು ಅಡಿಯನ್ನು ದಾಟಲು ಒಂದೂವರೆ ಸೆಕೆಂಡಿಗಿಂತ ತುಸು ಹೆಚ್ಚು ಕಾಲ ಬೇಕು. ಗಂಟೆಗೆ 12 ಕಿಲೋಮೀಟರಿನಂತೆ ಮೆಲ್ಲನೆ ಹೋಗುವ ಸೈಕಲ್ಲು ಅದನ್ನು ಹೆಚ್ಚುಕಡಿಮೆ ಅರ್ಧ ಸೆಕೆಂಡಿನಲ್ಲಿ ದಾಟುತ್ತದೆ. ಅಷ್ಟರೊಳಗೆ ಕಂಡು, ತಿಳಿದು, ಗಾಲಿಯನ್ನು ತಿರುಗಿಸುವುದು ಮಾನವಸಾಧ್ಯವಲ್ಲ. ಸೈಕಲ್ಲಿನವನು ಇನ್ನೂ ಬಹುದೂರ ಮುಂದೆ ನೋಡಬೇಕು; ಅಷ್ಟು ದೂರದ ಇರುವೆಯು ಅವನ ಕಣ್ಣಿಗೆ ಬೀಳುವುದಿಲ್ಲ. ವೇಗವು ಇಮ್ಮಡಿಯಾದರೆ ಅಪ್ಪಳಿಸುವ ಶಕ್ತಿಯು ನಾಲ್ಕುಪಟ್ಟಾಗುತ್ತದೆಂದು ಭೌತಶಾಸ್ತ್ರ ಹೇಳುತ್ತದೆ. ಹೀಗಿರುವಾಗ ಮೋಟಾರು ವಾಹನಗಳ ವಿನೋದಸಂಚಾರದ ಲೆಕ್ಕವನ್ನು ಓದುಗರೇ ಹಾಕಿಕೊಳ್ಳಬಹುದು. ದೋಷವು ಎಲ್ಲ ಗಾಲಿಗಳಿಗೂ ಇದೆ. ಆದರೆ ಎಲ್ಲ ಗಾಲಿಗಳಿಗೂ ಸಮನಾಗಿಲ್ಲ.

1817ರಲ್ಲಿ ಜರ್ಮನಿಯ ಕಾರ್ಲ್ ಡ್ರೈಸ್ ಎಂಬಾತನು ನೆಲವನ್ನು ಕಾಲಿನಿಂದ ಒದ್ದು ಸಾಗುವ ಎರಡು ಗಾಲಿಯ ವಾಹನವನ್ನು ರೂಪಿಸಿದನು. 1885ರಲ್ಲಿ ಇಂಗ್ಲೆಂಡಿನ ಸ್ಟಾರ್ಲಿಯು ಇಂದಿನ ಆಕಾರದ ಸೈಕಲ್ಲನ್ನು ತಯಾರಿಸಿದನು. ಮೂರು ವರ್ಷಗಳ ತರುವಾಯ ಡನ್‌ಲಪ್‌ನು ಗಾಳಿ ತುಂಬಿದ ಟೈರನ್ನು ಬಳಕೆಗೆ ತಂದನು. ಅಂದಿನಿಂದ ಮೋಟಾರುಗಳು ಎಷ್ಟೋ ಮಾರ್ಪಟ್ಟಿವೆ. ಸೈಕಲ್ಲಿನ ಮೂಲರೂಪವು ಅಷ್ಟಾಗಿ ಬದಲಾಗಿಲ್ಲ. ನಡೆಯುವುದಕ್ಕೆ ವ್ಯಯವಾಗುವಷ್ಟೇ ಶಕ್ತಿಯಲ್ಲಿ ಮನುಷ್ಯನನ್ನು ಮೂರು ನಾಲ್ಕು ಪಟ್ಟು ದೂರಕ್ಕೆ ಕೊಂಡೊಯ್ಯುವ ಸಾಧನವಿದು. ಮೇಲಾಗಿ ಇದು ಏರಿದವನ ಶಕ್ತಿಯನ್ನು ಮೀರಿ ಓಡದು. ದಣಿವೇ ಇದರ ಕಡಿವಾಣ. ಪರಿಗ್ರಹವೂ ಭೋಗವೂ ಮಿತಿಯೊಳಗಿರಬೇಕೆಂದು ಬಯಸುವ ಗೃಹಸ್ಥನಿಗೆ, ಮಿತಿಯನ್ನು ತನ್ನೊಳಗೇ ಹೊತ್ತಿರುವ ವಾಹನವು ತಕ್ಕ ಸಂಗಾತಿಯಲ್ಲವೇ?

ಈಗ ನಾನು ಎಪ್ಪತ್ತನ್ನು ದಾಟಿದ್ದೇನೆ. ತಂದೆಯವರು ತೀರಿಕೊಂಡು ಬಹಳ ವರ್ಷಗಳಾದವು. ಅವರು ಹಾಕಿಕೊಟ್ಟ ಗೆರೆಯನ್ನು ಬಿಟ್ಟಿಲ್ಲ. ಹೊರಡುವ ಮೊದಲೇ ಇಂದು ಎಲ್ಲಿಯವರೆಗೆ ಎಂಬುದನ್ನು ನಿಶ್ಚಯಿಸುತ್ತೇನೆ. ದೇಶವ್ರತದ ಒಂದು ಮಂದವಾದ ನೆರಳು ಅದು. ನೆಲದ ಮೇಲೆ ಜೀವಗಳು ಕಿಕ್ಕಿರಿಯುವ ಮಳೆಗಾಲದಲ್ಲಿ ಸೈಕಲ್ಲನ್ನು ಗೋಡೆಗೆ ಒರಗಿಸುತ್ತೇನೆ. ಗಾಲಿಯು ಏನನ್ನಾದರೂ ಮುಟ್ಟಿತೆಂಬ ಸಂಶಯ ಬಂದರೆ ಇಳಿದು ನೋಡುತ್ತೇನೆ. ಇಷ್ಟರಿಂದ 1971ರ ಲೆಕ್ಕ ತೀರಿತೆಂದಲ್ಲ. ಆದರೆ ಗೆರೆಯೊಳಗಿನ ದಾರಿಯು ನನಗೆ ಎಂದೂ ಚಿಕ್ಕದೆನಿಸಿಲ್ಲ. ಇಲ್ಲಿಂದ ಮುಂದೆ ಹೋಗಬೇಕಿಲ್ಲವೆಂದು ತಿಳಿದವನು ಮಾತ್ರವೇ ಇಲ್ಲಿರುವುದನ್ನು ಕಣ್ತುಂಬ ನೋಡಬಲ್ಲನು.

ಕೆಲವು ದಿನ ಆ ಗೆರೆಯು ಬೆಳಗೊಳದವರೆಗೂ ಇರುತ್ತದೆ. ಕ್ರಿ.ಶ. 981ರಲ್ಲಿ ಪ್ರತಿಷ್ಠಿತವಾದುದೆಂದು ಹೇಳಲಾಗುವ, 58 ಅಡಿ ಎತ್ತರದ ಆ ಮೂರ್ತಿಯ ಕಾಲ ಬಳಿ ಹುತ್ತಗಳನ್ನೂ, ತೊಡೆತೋಳುಗಳ ಮೇಲೆ ಹಬ್ಬಿದ ಬಳ್ಳಿಯನ್ನೂ ಶಿಲ್ಪಿ ಕಡೆದಿದ್ದಾನೆ. ಯಾವ ಜೀವಕ್ಕೂ ಭಯವಾಗದಷ್ಟು ನಿಶ್ಚಲವಾದ ನಿಲುವು ಅದು. ಅದರ ಎದುರಿನಲ್ಲಿ ನನ್ನ ನಿಧಾನವೂ ಧಾವಂತವೇ ಎಂಬುದನ್ನು ನಾನು ಬಲ್ಲೆ. ನನ್ನ ಸಂತೋಷವನ್ನು ಧರ್ಮವೆಂದು ಕರೆಯುವ ಧೈರ್ಯ ನನಗಿಲ್ಲ. ಅದು ಗೃಹಸ್ಥನೊಬ್ಬನ ಅಲ್ಪಸುಖ, ಅಲ್ಪದೋಷದಿಂದ ಕೂಡಿದ್ದು. ಅದಕ್ಕೆ ಸುಳ್ಳಿನ ದೋಷವೊಂದು ಸೇರದಂತೆ ನೋಡಿಕೊಳ್ಳುವುದು ನನ್ನ ಕೈಯಲ್ಲಿದೆ.

ಮೊನ್ನೆ ಬೆಳಿಗ್ಗೆ ಸೈಕಲ್ಲನ್ನು ಹೊರಗೆ ತೆಗೆದಾಗ ನೆರೆಮನೆಯವರು, "ಎಲ್ಲಿಗೆ ಹೊರಟಿರಿ ಸ್ವಾಮಿ?" ಎಂದು ಕೇಳಿದರು.

"ಕೆರೆ ಏರಿಯವರೆಗೆ."

"ಏನಾದರೂ ಕೆಲಸವಿತ್ತೇ?"

"ಕೆಲಸವೇನೂ ಇಲ್ಲ. ಹೊಂಗೆ ಚಿಗುರಿದೆ" ಎಂದೆ.