ಪರದೇಶದಲ್ಲಿ ವಿದ್ಯಾರ್ಥಿವಾಸ



ಮಠಕ್ಕೆ ಬರುವ ತಾಯ್ತಂದೆಗಳು ತೀರ್ಥಪ್ರಸಾದವಾದ ಮೇಲೆ ಈಚೆಗೆ ಪದೇ ಪದೇ ಕೇಳುವ ಪ್ರಶ್ನೆಯೊಂದುಂಟು. ಮಗನನ್ನೋ ಮಗಳನ್ನೋ ವಿದ್ಯಾರ್ಥಿ ವಿನಿಮಯದ ಯೋಜನೆಯಂತೆ ಆರು ತಿಂಗಳು ಜರ್ಮನಿಗೋ ಜಪಾನಿಗೋ ಕಾಲೇಜಿನವರು ಕಳುಹಿಸುತ್ತಾರೆ. ಅಲ್ಲಿ ಸಂಧ್ಯಾವಂದನೆಯ ಗತಿಯೇನು, ಊಟದ ಗತಿಯೇನು, ಕಳುಹಿಸುವುದೋ ಬಿಡುವುದೋ?

ಈ ಸಂಕಟ ಹೊಸದಲ್ಲ. ಮಹಾಭಾರತದ ಆದಿಪರ್ವದಲ್ಲಿ ಬರುವ ಕಚನ ಉಪಾಖ್ಯಾನವನ್ನು ಈ ದೃಷ್ಟಿಯಿಂದ ಅವಲೋಕಿಸಬೇಕು. ಪುಣೆಯವರಿಗೆ ಆ ಕಥೆ ಖಾಡಿಲ್ಕರರ ‘ವಿದ್ಯಾಹರಣ’ ನಾಟಕದಿಂದ ಪರಿಚಿತವೇ ಆಗಿದೆ. ಆದರೆ ರಂಗಭೂಮಿಯಲ್ಲಿ ದೇವಯಾನಿಯ ಪ್ರಣಯ ಮುಂದಾಗಿ ಕಚನ ವಿದ್ಯಾರ್ಥಿಜೀವನ ಹಿಂದಾಗುತ್ತದೆ. ದೇವತೆಗಳ ಪ್ರಾರ್ಥನೆಯಂತೆ ಬೃಹಸ್ಪತಿಯ ಮಗನು ಅಸುರರಾಜ ವೃಷಪರ್ವನ ಪಟ್ಟಣಕ್ಕೆ, ಅಂದರೆ ಶತ್ರುಗಳ ರಾಜಧಾನಿಗೆ, ಮೃತಸಂಜೀವಿನೀ ವಿದ್ಯೆಗಾಗಿ ಒಬ್ಬನೇ ಹೋದನು. ಅಲ್ಲಿ ಅವನು ಮೊದಲು ಮಾಡಿದ್ದೇನು? ಹೆಸರು ಮರೆಸಲಿಲ್ಲ. ತಾನು ಅಂಗಿರಸರ ಮೊಮ್ಮಗ, ಬೃಹಸ್ಪತಿಯ ಮಗ, ಕಚನೆಂದು ಶುಕ್ರಾಚಾರ್ಯರಿಗೆ ನೇರವಾಗಿ ನಿವೇದಿಸಿಕೊಂಡನು. ಶುಕ್ರಾಚಾರ್ಯರ ಔದಾರ್ಯವನ್ನೂ ಗಮನಿಸಬೇಕು. ಪ್ರತಿಪಕ್ಷದ ಪುರೋಹಿತನ ಮಗನೆಂದು ಅವರು ಬಾಗಿಲು ಮುಚ್ಚಲಿಲ್ಲ. ಇವನನ್ನು ಗೌರವಿಸಿದರೆ ಬೃಹಸ್ಪತಿಯನ್ನು ಗೌರವಿಸಿದಂತೆ ಎಂದು ಬರಮಾಡಿಕೊಂಡರು.

ಕಚನು ಗುರುವಿನ ಗೋವುಗಳನ್ನು ಕಾಯ್ದನು, ಹೂ ತಂದನು. ಅಸುರರು ಅವನನ್ನು ಮತ್ತೆ ಮತ್ತೆ ಕೊಂದರು. ಕೊನೆಯ ಸಲ ದೇಹವನ್ನು ಸುಟ್ಟು ಭಸ್ಮವನ್ನು ಸುರೆಯಲ್ಲಿ ಬೆರೆಸಿ ಗುರುವಿಗೇ ಕುಡಿಸಿದರು. ಗುರುವಿನ ಉದರದೊಳಗಿದ್ದೇ ವಿದ್ಯೆಯನ್ನು ಪಡೆದು, ಹೊರಗೆ ಬಂದು, ಮೃತನಾದ ಗುರುವನ್ನು ಅದೇ ವಿದ್ಯೆಯಿಂದ ಬದುಕಿಸಿದನು. ಸುಮ್ಮನೆ ಹೊರಟುಹೋಗಿದ್ದರೆ ದೇವತೆಗಳ ಕಾರ್ಯ ಇನ್ನೂ ಸುಲಭವಾಗಿ ಆಗುತ್ತಿತ್ತಲ್ಲವೇ! ಪರರ ಮನೆಯ ಅನ್ನವುಂಡವನು ಹಾಗೆ ಮಾಡಲಾರ. ಅಸುರರ ನಡುವೆ ಇಷ್ಟು ಕಾಲ ಬಾಳಿದರೂ ಅವನು ಅಸುರನಾಗಲಿಲ್ಲ. ಅಸುರರ ಗುರುವಿಗೆ ಕೃತಘ್ನನೂ ಆಗಲಿಲ್ಲ.

ನಮ್ಮ ಸದಾಶಿವ ಪೇಠೆಯನ್ನೇ ನೋಡಿರಿ. 1761ರಲ್ಲಿ ಪಾಣಿಪತ್ತಿನ ರಣದಲ್ಲಿ ಮಡಿದ ಸದಾಶಿವರಾವ್ ಭಾವೂ ಅವರ ಹೆಸರಿನ ಈ ಬಡಾವಣೆ ತಲೆಮಾರುಗಳಿಂದ ಪರಸ್ಥಳದ ವಿದ್ಯಾರ್ಥಿಗಳ ಅನ್ನದ ಊರು. ನಾವು ವಾರಾನ್ನವೆನ್ನುವುದನ್ನು ಇಲ್ಲಿಯವರು ‘ವಾರ’ ಎಂದರು: ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಅದೂ ದೊರೆಯದವರಿಗೆ ಮಾಧುಕರಿ. 1909ರಲ್ಲಿ ಅನಾಥ ವಿದ್ಯಾರ್ಥಿ ಗೃಹವೆಂದು ಆರಂಭವಾದ ಸಂಸ್ಥೆ ಈಗ ಪುಣೆ ವಿದ್ಯಾರ್ಥಿ ಗೃಹವೆಂಬ ಹೆಸರಿನಿಂದ ಈ ಪೇಠೆಯಲ್ಲಿಯೇ ಇದೆ. ನಮ್ಮ ಧಾರವಾಡದ ಬೇಂದ್ರೆಯವರೂ ಪುಣೆಗೆ ಬಂದು ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ 1918ರಲ್ಲಿ ಬಿ.ಎ. ಆದವರು. ಆಗ ಕನ್ನಡದ ಹುಡುಗನಿಗೆ ಪುಣೆಯೇ ಪರದೇಶ. (ಮುಂದೆ ಒಂದು ಕಾಲದಲ್ಲಿ ಹುಬ್ಬಳ್ಳಿಯಿಂದ ಬಂದವರು ಮೀರಜದಲ್ಲಿ ಇಳಿದು ಗೇಜು ಬದಲಿಸಬೇಕಿತ್ತು. ಗಂಟುಮೂಟೆ ಹೊತ್ತು ಪ್ಲಾಟ್‌ಫಾರ್ಮ್ ದಾಟುವಾಗಲೇ ಭಾಷೆಯೂ ಬದಲಾಗುತ್ತಿತ್ತು.)

ಈ ನಗರದ ಇನ್ನೊಂದು ನಿದರ್ಶನ ಹೃದಯವನ್ನು ಕಲಕುವಂಥದು. ಆನಂದಿಬಾಯಿ ಜೋಶಿಯವರು 1883ರಲ್ಲಿ, ಹದಿನೆಂಟರ ವಯಸ್ಸಿನಲ್ಲಿ, ಕಲಕತ್ತೆಯಿಂದ ಹಡಗೇರಿ ಅಮೆರಿಕೆಗೆ ಹೋದರು. ಕಾರ್ಪೆಂಟರ್ ಎಂಬ ಗೃಹಿಣಿ ತಮ್ಮ ಮನೆಯಲ್ಲಿ ಮಗಳಂತೆ ಇರಿಸಿಕೊಂಡರು. ಫಿಲಡೆಲ್ಫಿಯಾ ನಗರದ ಮಹಿಳಾ ವೈದ್ಯಕೀಯ ಕಾಲೇಜಿನಲ್ಲಿ ಓದುವಾಗಲೂ ಆನಂದಿಬಾಯಿಯವರು ಸೀರೆಯನ್ನು ಬಿಡಲಿಲ್ಲ, ಸಸ್ಯಾಹಾರವನ್ನು ಬಿಡಲಿಲ್ಲ. 1886ರಲ್ಲಿ ಪದವಿ ಪಡೆದರು. ಅವರ ಪ್ರಬಂಧದ ವಿಷಯ ಪ್ರಾಚೀನ ಹಿಂದೂಗಳ ಪ್ರಸೂತಿಶಾಸ್ತ್ರ. ಕ್ಷಯರೋಗದಿಂದ ಜರ್ಜರಿತರಾಗಿ ಮರಳಿ, 1887ರ ಫೆಬ್ರವರಿ 26ರಂದು ಪುಣೆಯಲ್ಲಿ ದೇಹವಿಟ್ಟರು. ಆಗ ಇಪ್ಪತ್ತೆರಡು ತುಂಬಿರಲಿಲ್ಲ. ಅವರ ಅಸ್ಥಿಭಸ್ಮವನ್ನು ಆ ಅಮೆರಿಕದ ತಾಯಿಗೇ ಕಳುಹಿಸಲಾಯಿತು. ಅವರ ಕುಟುಂಬದ ರುದ್ರಭೂಮಿಯಲ್ಲಿ ಅದು ಇಂದಿಗೂ ಇದೆ.

ಆದುದರಿಂದ ದೇಹರಕ್ಷಣೆಯನ್ನು ಲಘುವಾಗಿ ಕಾಣಲಾಗದು. ಛಾಂದೋಗ್ಯದ ಉಷಸ್ತಿ ಚಾಕ್ರಾಯಣರು ಕುರುದೇಶದ ಕ್ಷಾಮದಲ್ಲಿ ಪರರು ಉಂಡು ಉಳಿಸಿದ ಹುರುಳಿಯನ್ನು ಬೇಡಿ ತಿಂದರು. ಅವರು ಕೊಟ್ಟ ಎಂಜಲು ನೀರನ್ನು ಮಾತ್ರ ಒಲ್ಲೆನೆಂದರು. ಹುರುಳಿಯಿಲ್ಲದೆ ಪ್ರಾಣ ಹೋಗುತ್ತಿತ್ತು, ನೀರಾದರೋ ಬೇಕಾದಲ್ಲಿ ಸಿಗುತ್ತಿತ್ತು. ಪ್ರಾಣಾಪಾಯದಲ್ಲಿ ಮಾತ್ರ ಸರ್ವಾನ್ನಕ್ಕೆ ಅನುಮತಿಯೆಂಬುದೇ ಬ್ರಹ್ಮಸೂತ್ರದ ನಿರ್ಣಯ. ಇಂದಿನ ಪರದೇಶದ ಅಂಗಡಿಗಳಲ್ಲಿ ಅಕ್ಕಿ, ಬೇಳೆ, ಹಾಲು, ಹಣ್ಣು ಎಲ್ಲವೂ ದೊರೆಯುತ್ತವೆ. ಅಡಿಗೆ ಬಾರದಿರುವುದು ಆಪತ್ತಲ್ಲ. ಹೊರಡುವ ಮುಂಚೆ ಮಗನಿಗೆ ಸಾರು-ಅನ್ನ ಮಾಡಲು ಕಲಿಸುವುದು ತಾಯಂದಿರ ಕರ್ತವ್ಯ; ತಂದೆಯರೂ ಕಲಿಸಬಹುದು.

ಸಂಧ್ಯಾವಂದನೆಗೆ ಆಯಾ ಸ್ಥಳದ ಸೂರ್ಯನೇ ಪ್ರಮಾಣ. ಬರ್ಲಿನ್ನಿನಲ್ಲಿ ಡಿಸೆಂಬರಿನ ಸೂರ್ಯೋದಯ ಎಂಟು ಗಂಟೆಯ ನಂತರ. ಜೂನಿನಲ್ಲಿ ಸೂರ್ಯಾಸ್ತ ರಾತ್ರಿ ಒಂಬತ್ತರ ನಂತರ. ಪುಣೆಯ ಗಡಿಯಾರ ನೋಡಿ ಅರ್ಘ್ಯ ಕೊಡುವುದು ಸಲ್ಲದು. ಏಕಾದಶಿಯೂ ಸೂರ್ಯೋದಯವನ್ನು ಅವಲಂಬಿಸಿದ್ದರಿಂದ ಕೆಲವೊಮ್ಮೆ ಅಲ್ಲಿ ಬೇರೆ ದಿನ ಬರುತ್ತದೆ. ಆ ಊರಿಗೆ ಗಣಿಸಿದ ಪಂಚಾಂಗವನ್ನೇ ಅನುಸರಿಸಬೇಕು. ಸಂಕಲ್ಪದಲ್ಲಿ ನಾವು ಗೋದಾವರಿಯ ದಕ್ಷಿಣ ತೀರವೆನ್ನುತ್ತೇವೆ. ರೈನ್ ನದಿಯ ದಡದಲ್ಲಿ ಕುಳಿತು ಹಾಗೆಂದರೆ ದೇವರ ಮುಂದೆ ಅಸತ್ಯ ನುಡಿದಂತಾಗುವುದು; ದೇಶನಿರ್ದೇಶ ಹೇಗಿರಬೇಕೆಂದು ಹೊರಡುವ ಮುಂಚೆಯೇ ಪಂಡಿತರಲ್ಲಿ ಕೇಳಿಕೊಳ್ಳತಕ್ಕದ್ದು. ಸಂಕಲ್ಪದ ದೇಶ ಬದಲಾದೀತು, ಬಿಂಬರೂಪಿಯಾದ ಶ್ರೀಹರಿಗೆ ದೇಶಾಂತರವಿಲ್ಲ.

ಭಾಷೆಯ ವಿಷಯದಲ್ಲಿ ನಮ್ಮ ಹುಡುಗರು ಸಂಕೋಚಪಡುವುದು ನನಗೆ ಸರಿಕಾಣದು. ಶ್ರೀಮದಾಚಾರ್ಯರು ಬದರೀಯಾತ್ರೆಯಲ್ಲಿ ಗಂಗೆಯನ್ನು ದಾಟಿ, ತಡೆಯಲು ಬಂದ ತುರುಷ್ಕರಾಜನೊಡನೆ ಅವನ ಭಾಷೆಯಲ್ಲಿಯೇ ಮಾತನಾಡಿದರೆಂದು ಸುಮಧ್ವವಿಜಯದಲ್ಲಿ ನಾರಾಯಣ ಪಂಡಿತಾಚಾರ್ಯರು ವರ್ಣಿಸಿದ್ದಾರೆ.

ವಿನಿಮಯವೆಂದ ಮೇಲೆ ಬರುವವರೂ ಇದ್ದಾರೆ. ಫರ್ಗ್ಯುಸನ್ ಕಾಲೇಜಿನಲ್ಲಿ ಕಾಮಾಲೆಯಿಂದ ಮಲಗಿದ್ದ ಮಾರಿಷಸ್ಸಿನ ವಿದ್ಯಾರ್ಥಿಗೆ ಹುಡುಗಿಯೊಬ್ಬಳು ಕಿಟಕಿಯಿಂದ ಊಟ ಕೊಡುತ್ತಿದ್ದುದನ್ನು ಕಂಡು ಮನಕರಗಿದ ಪ್ರಾಧ್ಯಾಪಕ ಮುಜುಂದಾರರು 1971ರಲ್ಲಿ ಸಿಂಬಯಾಸಿಸ್ ಸ್ಥಾಪಿಸಿದರು. ಅಂಥ ಪರದೇಶದ ಮಕ್ಕಳು ಇಂದಿಗೂ ಈ ನಗರದಲ್ಲಿದ್ದಾರೆ. ನಿಮ್ಮ ಮಗನ ಸಹಪಾಠಿಯಾಗಿ ಅಂಥವರೊಬ್ಬರಿದ್ದರೆ ಮುಂದಿನ ಹಬ್ಬದ ಊಟಕ್ಕೆ ಕರೆಯಿರಿ. ಬಾಳೆಯೆಲೆಯಲ್ಲಿ ಏನು ಎಲ್ಲಿ ಬಡಿಸುತ್ತಾರೆ, ಕೈಯಲ್ಲಿ ಹೇಗೆ ಉಣ್ಣಬೇಕು ಎಂಬುದನ್ನು ಮೊದಲೇ ಹೇಳಿಕೊಟ್ಟರೆ ಅವರಿಗೂ ಮುಜುಗರವಾಗದು.

ಶ್ರೀಕೃಷ್ಣಾರ್ಪಣಮಸ್ತು