ಹೆಗಲು ಕೊಟ್ಟ ಗಾಡಿಯ ಬೆಲೆ

ಹಳೆಯ ಮೋಟಾರಿಗೆ ಬೆಲೆ ಕಟ್ಟುವುದು ಬಲ್ಲವರಿಗೆ ಕಷ್ಟದ ಕೆಲಸವೇನಲ್ಲ. ಅದೇ ಮೋಟಾರು ಶವವಾಹನವಾಗಿದ್ದರೆ ಮಾತ್ರ ನಮ್ಮ ತಕ್ಕಡಿ ಅಲುಗಾಡುತ್ತದೆ. ನಮ್ಮ ಚೆನ್ನೈಯಲ್ಲಿ ಐವತ್ತು ವರ್ಷ ದಾಟಿದ ಅಂಥದೊಂದು ಗಾಡಿ ಮಾರಾಟಕ್ಕಿದೆ ಎಂದಿಟ್ಟುಕೊಳ್ಳೋಣ. ಅದರ ನ್ಯಾಯವಾದ ಬೆಲೆ ಎಷ್ಟು? ಇದರಲ್ಲಿ ಮೆಕ್ಯಾನಿಕ್ಕಿನ ಲೆಕ್ಕವೂ ಇದೆ, ಧರ್ಮದ ಲೆಕ್ಕವೂ ಇದೆ.

ಮೊದಲು ಮೆಕ್ಯಾನಿಕ್ಕಿನ ಲೆಕ್ಕ. ಮೀಟರಿನಲ್ಲಿ ಮೈಲಿ ಕಡಿಮೆಯಿದೆಯೆಂದು ಮರುಳಾಗಬಾರದು. ಶವವಾಹನ ಓಡುವುದು ಕಡಿಮೆ, ತೆವಳುವುದು ಹೆಚ್ಚು. ನಡೆಯುವವರ ಹೆಜ್ಜೆಗೆ ಸರಿಯಾಗಿ ಮೊದಲ ಗೇರಿನಲ್ಲೇ ಸಾಗಿದ ಗಾಡಿಯ ಕ್ಲಚ್ಚು, ರೇಡಿಯೇಟರುಗಳನ್ನು ವಿಶೇಷವಾಗಿ ಪರೀಕ್ಷಿಸಬೇಕು. ಕಡಲೂರಿನ ಉಪ್ಪುಗಾಳಿ ಕಾಣದ ಕಡೆಯಲ್ಲಿ ತಗಡನ್ನು ತಿನ್ನುತ್ತದೆ. ಬಾಗಿಲಿನ ಕೆಳಅಂಚನ್ನೂ ಗಾಡಿಯ ತಳವನ್ನೂ ಬಗ್ಗಿ ನೋಡಬೇಕು. ಬಾಡಿಗೆ ಮರದ ಚೌಕಟ್ಟಿದ್ದರೆ ಗೆದ್ದಲು ಹಿಡಿದಿದೆಯೇ ಎಂದು ತಟ್ಟಿ ನೋಡಬೇಕು. ಎಂಜಿನ್ ನಂಬರು, ಛಾಸಿ ನಂಬರುಗಳು ಆರ್.ಸಿ. ಪುಸ್ತಕದೊಡನೆ ತಾಳೆಯಾಗಬೇಕು. ಎಂಜಿನ್ನಿನ ಬಿಡಿಭಾಗಗಳನ್ನು ಪುದುಪೇಟೆಯಲ್ಲಿ ಹುಡುಕಬಹುದು. ಪೆಟ್ಟಿಗೆ ಜಾರಿಸುವ ಉರುಳೆಗಳನ್ನೂ ಪಕ್ಕದ ಉದ್ದನೆಯ ಗಾಜುಗಳನ್ನೂ ಬಹುಮಟ್ಟಿಗೆ ಹೊಸದಾಗಿ ಮಾಡಿಸಬೇಕಾಗುತ್ತದೆ. ಅವು ಉಳಿದಿದ್ದರೆ ಬೆಲೆಯೂ ಏರುತ್ತದೆ.

ಕಾನೂನನ್ನೂ ಮರೆಯುವಂತಿಲ್ಲ. 50 ವರ್ಷ ದಾಟಿದ, ಮೂಲರೂಪ ಕೆಡದ ಖಾಸಗಿ ಬಳಕೆಯ ವಾಹನಗಳನ್ನು ‘ವಿಂಟೇಜ್’ ಎಂದು ನೋಂದಾಯಿಸಲು 2021ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿತು. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ಎಂದು ಗೊತ್ತುಮಾಡಿತು. ಅಂಥ ವಾಹನವನ್ನು ಪ್ರದರ್ಶನಕ್ಕೆ, ರ‍್ಯಾಲಿಗೆ ಒಯ್ಯಬಹುದು, ಬಾಡಿಗೆಗೆ ಬಿಡುವಂತಿಲ್ಲ. ಹಿಂದೆ ಬಾಡಿಗೆಗೆ ಓಡಿದ ಶವವಾಹನಕ್ಕೆ ಇದು ಅನ್ವಯಿಸುವುದೇ ಎಂದು ಕೊಳ್ಳುವ ಮೊದಲೇ ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸುವುದು ಜಾಣತನ.

ಇನ್ನು ಧರ್ಮದ ಲೆಕ್ಕ. ಈ ವ್ಯಾಪಾರದಲ್ಲಿ ಎರಡು ಬಗೆಯ ಮೋಸಕ್ಕೆ ಎಡೆಯಿದೆ. ಕೊಳ್ಳುವವನು ಶಕುನವನ್ನು ಎಳ್ಳಷ್ಟೂ ನಂಬದಿದ್ದರೂ, “ಅಮಂಗಳದ ಗಾಡಿ, ನಿಮ್ಮಿಂದ ಯಾರು ಕೊಳ್ಳುತ್ತಾರೆ?” ಎಂದು ಬೆಲೆ ಇಳಿಸಬಹುದು. ಮಾರುವವನು ಉರುಳೆ ಕಿತ್ತು, ಬಣ್ಣ ಬಳಿದು, ಮಾಮೂಲಿ ವ್ಯಾನೆಂದು ತರಕಾರಿ ವ್ಯಾಪಾರಿಗೆ ದಾಟಿಸಬಹುದು. ಮೊದಲನೆಯದು ಪರರ ಅಂಜಿಕೆಯಿಂದ ಲಾಭ ಮಾಡಿಕೊಳ್ಳುವುದು. ಎರಡನೆಯದು ಪರರ ನಂಬಿಕೆಯನ್ನು ಕದಿಯುವುದು. ಮೈಲಿಗೆ ಎಂಬುದು ಬರಿಯ ಭ್ರಮೆ ಎಂದು ಮಾರುವವನು ವಾದಿಸಬಹುದು. ಇರಲಿ. ಅದನ್ನು ತೀರ್ಮಾನಿಸಬೇಕಾದವನು ಹಣ ಕೊಡುವವನು.

ಸಾವಿನ ಸಾಮಾನಿಗೆ ಬೆಲೆ ಕಟ್ಟುವುದೇ ತಪ್ಪು ಎನ್ನುವವರೂ ಇದ್ದಾರೆ. ರಾಘವಾಂಕನ ಹರಿಶ್ಚಂದ್ರ ಸುಡುಗಾಡು ಕಾಯುವಾಗ, ಮಗನ ಹೆಣ ತಂದ ಸ್ವಂತ ಹೆಂಡತಿಯಿಂದಲೂ ಸುಂಕ ಕೇಳಿದ. ಮಸಣದಲ್ಲಿ ಹಣದ ಮಾತೆತ್ತುವುದು ಅವನಿಗೆ ಅಧರ್ಮವೆನಿಸಲಿಲ್ಲ. ಒಡೆಯನಿಗೆ ಸಲ್ಲಬೇಕಾದುದನ್ನು ತಪ್ಪಿಸುವುದು ಅಧರ್ಮವೆನಿಸಿತು.

ಪರಊರಿನಲ್ಲಿ ನೆಲೆಸಿದ ನಮಗೆ ಈ ವಿಷಯ ಇನ್ನೂ ಹತ್ತಿರದ್ದು. ಸತ್ತರೆ ಹೊರಲು ನಾಲ್ಕು ಜನ ಬೇಕು ಎಂಬುದು ನಮ್ಮ ಕಡೆಯ ಮಾತು. ಉದ್ಯೋಗಕ್ಕೆಂದು ಮದರಾಸಿಗೆ ಬಂದ ಎಷ್ಟೋ ಸಂಸಾರಗಳಿಗೆ ಆ ನಾಲ್ವರು ದಾಯಾದಿಗಳು ರಾತ್ರಿಯ ಬೆಂಗಳೂರು ಮೇಲಿನಲ್ಲಿ ಬರಬೇಕಾಗಿತ್ತು. ತ್ಯಾಗರಾಯನಗರದ ಮನೆಯಿಂದ ಕಣ್ಣಮ್ಮಪೇಟೆಯ ಸ್ಮಶಾನದವರೆಗೆ ಇಲ್ಲದ ಹೆಗಲಿಗೆ ಹೆಗಲಾದದ್ದು ಇಂಥ ಗಾಡಿ. ಜಾತಿ ಕೇಳಲಿಲ್ಲ, ಭಾಷೆ ಕೇಳಲಿಲ್ಲ. ತಮಿಳರು ಇದನ್ನು ‘ಅಮರರ್ ಊರ್ದಿ’ ಎನ್ನುತ್ತಾರೆ, ನಾವು ‘ಮುಕ್ತಿವಾಹನ’ ಎನ್ನುತ್ತೇವೆ. ಹೆಸರಿನಲ್ಲಿ ಇಷ್ಟು ಗೌರವವಿಟ್ಟು, ಚೌಕಾಸಿಗೆ ಕುಳಿತಾಗ ಅದನ್ನೇ ಅಪಶಕುನವೆನ್ನುವುದು ಯಾವ ನ್ಯಾಯ?

ಆದ್ದರಿಂದ ನಮ್ಮ ಅಭಿಪ್ರಾಯ ಇಷ್ಟೇ. ಅದೇ ಕಾಲದ, ಅದೇ ಸ್ಥಿತಿಯ ಬೇರೆ ಗಾಡಿಗೆ ಏನು ಬೆಲೆಯೋ ಅದರಿಂದ ಲೆಕ್ಕ ತೊಡಗಲಿ. ತುಕ್ಕಿಗೆ ಕಳೆಯಿರಿ, ಗೆದ್ದಲಿಗೆ ಕಳೆಯಿರಿ, ಸವೆದ ಕ್ಲಚ್ಚಿಗೆ ಕಳೆಯಿರಿ. ಅದು ಹೊತ್ತವರ ಲೆಕ್ಕದಲ್ಲಿ ಒಂದು ಕಾಸನ್ನೂ ಕಳೆಯಬೇಡಿ. ಮಾರುವವರು ಅದರ ಪೂರ್ವವೃತ್ತಾಂತವನ್ನು ಕರಾರುಪತ್ರದಲ್ಲೇ ಬರೆದುಕೊಡಲಿ. ಅದನ್ನು ಓದಿಯೂ ಸಹಿ ಹಾಕುವವರೇ ಅದಕ್ಕೆ ತಕ್ಕ ಗಿರಾಕಿಗಳು.